ತಣ್ಣೀರಿನ ಆಘಾತಕ್ಕೆ ಸಿಕ್ಕ ಬೆಟ್ಟಾ ಮೀನು: ಚೇತರಿಕೆಗೆ ಏನು ಮಾಡಬೇಕು?

ಮಲ್ಲಿಗೆಬಳ್ಳಿ, ಮೈಸೂರು
ಜನವರಿ 9, ಬೆಳಿಗ್ಗೆ 9:40

ಎಲ್ಲರಿಗೂ ನಮಸ್ಕಾರ. ನಮ್ಮ ಮನೆಯ ಬೆಟ್ಟಾ ಮೀನಿಗೆ ಇಂದು ಬೆಳಿಗ್ಗೆ ನನ್ನ ಕೈಯಿಂದಲೇ ತೊಂದರೆಯಾಗಿದೆ. ದಯವಿಟ್ಟು ಬೇಗ ದಾರಿ ತೋರಿಸಿ.

ಅಂಗಡಿಯವರು ಫೈಟರ್ ಎಂದು ಕರೆಯುವ, ಕಡುನೀಲಿ ಬಣ್ಣದ ಗಂಡು ಮೀನು ಇದು. ನಮ್ಮಲ್ಲಿಗೆ ಬಂದು ಒಂದೂವರೆ ವರ್ಷವಾಯಿತು. ಇಪ್ಪತ್ತು ಲೀಟರ್ ಹಿಡಿಯುವ ಗಾಜಿನ ತೊಟ್ಟಿಯಲ್ಲಿದೆ. 50 ವಾಟಿನ ಹೀಟರ್ ಮತ್ತು ಸ್ಪಾಂಜ್ ಫಿಲ್ಟರ್ ಇವೆ. ನೀರನ್ನು ಸದಾ 27 ಡಿಗ್ರಿಯಲ್ಲಿ ಇಟ್ಟಿರುತ್ತೇವೆ. ಬೆಳಿಗ್ಗೆ ಆರೂವರೆಗೆ ನೀರು ಬದಲಿಸಲು ಹೀಟರ್ ಆರಿಸಿದೆ. ತಳದಲ್ಲಿ ಕಸ ಹೆಚ್ಚಾಗಿದೆ ಎನ್ನಿಸಿ 12 ಲೀಟರ್ ಹಳೆಯ ನೀರನ್ನು ತೆಗೆದು, ತಾರಸಿಯ ಟ್ಯಾಂಕಿನಿಂದ ಬರುವ ನೀರನ್ನು ಬಕೆಟ್ಟಿನಲ್ಲಿ ಹಿಡಿದು, ಆಂಟಿ ಕ್ಲೋರಿನ್ ಹಾಕಿ ತೊಟ್ಟಿಗೆ ಸುರಿದೆ. ಕೈಯಿಟ್ಟು ನೋಡಿದ್ದೆ, ಅಷ್ಟೇನೂ ತಣ್ಣಗಿದೆ ಎನ್ನಿಸಿರಲಿಲ್ಲ. ಮತ್ತೆ ಹೀಟರ್ ಹಾಕುವುದನ್ನು ಮರೆತು ಮಗಳನ್ನು ಶಾಲೆಗೆ ಬಿಟ್ಟು ಬರಲು ಹೋದೆ.

ಹಿಂತಿರುಗಿ ನೋಡಿದರೆ ಮೀನು ತಳದ ಕಲ್ಲುಗಳ ಮೇಲೆ ಒಂದು ಮಗ್ಗುಲಾಗಿ ಒರಗಿದೆ. ಈಜುರೆಕ್ಕೆಗಳು ಮಡಿಚಿದ ಕೊಡೆಯಂತೆ ಮೈಗೆ ಅಂಟಿವೆ. ನೀಲಿ ಬಣ್ಣ ಬೂದಿಗೆ ತಿರುಗಿದೆ. ಕೆಲವು ನಿಮಿಷಗಳಿಗೊಮ್ಮೆ ಮೇಲಕ್ಕೆ ಹೋಗಲು ಯತ್ನಿಸಿ ಅರ್ಧದಿಂದಲೇ ಕೆಳಗಿಳಿಯುತ್ತದೆ. ಥರ್ಮಾಮೀಟರ್ ಈಗ 20 ತೋರಿಸುತ್ತಿದೆ. ಹೀಟರನ್ನು ಕೂಡಲೇ 27ಕ್ಕೆ ಇಡಲೇ? ಸ್ವಲ್ಪ ಬಿಸಿನೀರು ಸೇರಿಸಲೇ?

ಗಾಜಿನಕೊಳ, ಶಿವಮೊಗ್ಗ
ಜನವರಿ 9, ಬೆಳಿಗ್ಗೆ 9:52

ಎರಡನ್ನೂ ಮಾಡಬೇಡಿ. ಮೀನು ಉಸಿರಾಡುತ್ತಿದೆ, ಮೇಲೇರಲು ಯತ್ನಿಸುತ್ತಿದೆ ಎಂದ ಮೇಲೆ ಅದಕ್ಕಿನ್ನೂ ಶಕ್ತಿ ಉಳಿದಿದೆ. ಬಿಸಿನೀರು ಸುರಿದರೆ ಒಂದೇ ಬೆಳಿಗ್ಗೆಯಲ್ಲಿ ಎರಡನೆಯ ಆಘಾತವಾಗುತ್ತದೆ.

ಹೀಟರಿನ ತಿರುಗಣೆಯನ್ನು 21ಕ್ಕೆ ಇಟ್ಟು ಈಗ ಹಾಕಿ. ತಾಸಿಗೆ ಒಂದು ಡಿಗ್ರಿಯಂತೆ ಏರಿಸುತ್ತ ಹೋಗಿ. ಸಂಜೆಯ ಹೊತ್ತಿಗೆ 26 ತಲುಪಿದರೆ ಸಾಕು, ಇಂದು 27 ಬೇಡ. ತೊಟ್ಟಿಯ ದೀಪ ಆರಿಸಿ, ಮೂರು ಬದಿಗೂ ಬಟ್ಟೆ ಹೊದಿಸಿ, ಮೇಲಿನ ಮುಚ್ಚಳ ಹಾಕಿಡಿ. ಗಾಳಿಯಾಡಲು ಸಣ್ಣ ಸಂದು ಇರಲಿ. ಇಂದು ಮತ್ತು ನಾಳೆ ಆಹಾರ ಹಾಕಬೇಡಿ.

ಎಲ್ಲಕ್ಕಿಂತ ಮುಖ್ಯವಾದದ್ದು ಉಸಿರು. ಬೆಟ್ಟಾ ಮೀನಿಗೆ ಕಿವಿರುಗಳ ಜೊತೆಗೆ ತಲೆಯೊಳಗೆ ಲ್ಯಾಬಿರಿಂತ್ ಎಂಬ ಅಂಗವಿದೆ. ನೀರಿನ ಮೇಲ್ಮೈಗೆ ಬಂದು ಬಾಯಿತುಂಬ ಗಾಳಿ ತೆಗೆದುಕೊಂಡು ಅದರ ಮೂಲಕವೂ ಅದು ಉಸಿರಾಡುತ್ತದೆ. ಬೆಳೆದ ಮೀನಿಗೆ ಈ ಗಾಳಿ ಸಿಗಲೇಬೇಕು. ನಿಶ್ಶಕ್ತವಾದ ಮೀನಿಗೆ ಒಂದಡಿ ನೀರನ್ನು ಏರುವುದೇ ದೊಡ್ಡ ಕೆಲಸ. ಮರಿ ಮಾಡಿಸುವಾಗ ತೊಟ್ಟಿಯೊಳಗೆ ತೂಗುಹಾಕುವ ಪೆಟ್ಟಿಗೆ ನಿಮ್ಮಲ್ಲಿದ್ದರೆ ಅದರಲ್ಲಿ ಇಡಿ. ಇಲ್ಲದಿದ್ದರೆ ಸೋಪು ಮುಟ್ಟದ, ತೂತುಗಳಿರುವ ಪ್ಲಾಸ್ಟಿಕ್ ಬುಟ್ಟಿಯೊಂದನ್ನು ಅದೇ ತೊಟ್ಟಿಯ ಅಂಚಿಗೆ ಕಟ್ಟಿ, ಬುಟ್ಟಿಯಲ್ಲಿ ಮೂರು ಬೆರಳಿನಷ್ಟು ಮಾತ್ರ ನೀರು ನಿಲ್ಲುವಂತೆ ಇಳಿಬಿಡಿ. ಬೇರೆ ಪಾತ್ರೆಗೆ ವರ್ಗಾಯಿಸಬೇಡಿ. ಅಲ್ಲಿನ ನೀರಿನ ತಾಪವೂ ಗುಣವೂ ಬೇರೆ. ಬಲೆಯಿಂದ ಎತ್ತದೆ, ಲೋಟವನ್ನು ನೀರೊಳಗೆ ಮುಳುಗಿಸಿ ಮೀನನ್ನು ನೀರಿನೊಂದಿಗೇ ತೆಗೆದುಕೊಳ್ಳಿ.

ಒಂದು ಪ್ರಶ್ನೆ: ಆಂಟಿ ಕ್ಲೋರಿನ್ ಅಳತೆ ಸರಿಯಾಗಿತ್ತೇ? ಕ್ಲೋರಿನ್ ತಗುಲಿದ ಮೀನೂ ಹೀಗೆಯೇ ಕಾಣಬಹುದು. ಆದರೆ ಆಗ ಸಾಮಾನ್ಯವಾಗಿ ಕಿವಿರುಗಳು ಕೆಂಪಾಗಿ, ಉಸಿರು ವೇಗವಾಗಿರುತ್ತದೆ.

ಅಳತೆಗೋಲು, ಧಾರವಾಡ
ಜನವರಿ 9, ಬೆಳಿಗ್ಗೆ 10:15

ಅಕ್ಕ, ನಿಮ್ಮ ಲೆಕ್ಕವನ್ನೇ ಹಿಡಿದು ನೋಡಿದೆ. 27 ಡಿಗ್ರಿಯ 8 ಲೀಟರ್ ನೀರಿಗೆ, ಈ ತಿಂಗಳ ಬೆಳಗಿನ ಟ್ಯಾಂಕಿನ ನೀರು 17 ಡಿಗ್ರಿ ಎಂದಿಟ್ಟುಕೊಂಡರೆ, ಅಂಥ 12 ಲೀಟರ್ ಸೇರಿಸಿದಾಗ ಇಡೀ ತೊಟ್ಟಿ 21 ಡಿಗ್ರಿಗೆ ಇಳಿಯುತ್ತದೆ. ಎರಡು ಮೂರು ನಿಮಿಷಗಳಲ್ಲಿ ಆರು ಡಿಗ್ರಿ. ಹೀಟರ್ ಆರಿದ್ದರಿಂದ ಅನಂತರ ಇನ್ನೊಂದು ಡಿಗ್ರಿ ಹೋಗಿದೆ. ಮೀನನ್ನು ಕೆಡವಿದ್ದು ಆ ಮೊದಲ ಮೂರು ನಿಮಿಷ.

ಇನ್ನು ಏರಿಸುವ ಲೆಕ್ಕ. ಒಂದು ಲೀಟರ್ ನೀರನ್ನು ಒಂದು ಡಿಗ್ರಿ ಬಿಸಿ ಮಾಡಲು ಸುಮಾರು 1.16 ವಾಟ್-ಗಂಟೆಯಷ್ಟು ವಿದ್ಯುತ್ ಬೇಕು. 20 ಲೀಟರಿಗೆ ಸುಮಾರು 23. ನಿಮ್ಮ 50 ವಾಟಿನ ಹೀಟರ್ ಬಿಡುವಿಲ್ಲದೆ ಉರಿದರೆ ತಾಸಿಗೆ ಸುಮಾರು ಎರಡು ಡಿಗ್ರಿ ಏರಿಸಬಲ್ಲದು. ಗಾಜಿನಿಂದ ಸೋರಿಹೋಗುವ ಶಾಖವನ್ನು ಕಳೆದರೂ ಒಂದೂವರೆಗಿಂತ ಹೆಚ್ಚೇ ಉಳಿಯಬಹುದು. ಆದ್ದರಿಂದ ಗಾಜಿನಕೊಳ ಸರ್ ಹೇಳಿದಂತೆ ತಿರುಗಣೆಯನ್ನು ತಾಸಿಗೊಮ್ಮೆ ಮಾತ್ರ ಏರಿಸುವುದು ಅಗತ್ಯ. ಹೀಟರಿನ ಮೇಲಿರುವ ಅಂಕಿಯನ್ನು ನಂಬದೆ ಥರ್ಮಾಮೀಟರನ್ನೇ ನೋಡಿ. ಅದನ್ನು ಹೀಟರಿನಿಂದ ದೂರದ ಮೂಲೆಯಲ್ಲಿ ಇಡಿ. ಸ್ಪಾಂಜ್ ಫಿಲ್ಟರಿನ ಗುಳ್ಳೆಗಳು ಮಂದವಾಗಿ ಬರುತ್ತಿರಲಿ, ಇಲ್ಲದಿದ್ದರೆ ಮೇಲಿನ ನೀರು ಬಿಸಿಯಾಗಿ ಕೆಳಗಿನದು ತಣ್ಣಗೇ ಉಳಿಯುತ್ತದೆ.

ಮಲ್ಲಿಗೆಬಳ್ಳಿ
ಜನವರಿ 9, ಬೆಳಿಗ್ಗೆ 10:50

ಇಬ್ಬರಿಗೂ ಕೃತಜ್ಞತೆ. ಆಂಟಿ ಕ್ಲೋರಿನ್ ಅಳತೆ ಸರಿಯಾಗಿಯೇ ಇತ್ತು. ಕಿವಿರು ಕೆಂಪಾಗಿಲ್ಲ, ಉಸಿರು ನಿಧಾನವಾಗಿದೆ.

ಅಕ್ಕಿ ತೊಳೆಯಲೆಂದು ತಂದು ಇನ್ನೂ ಬಳಸದೆ ಇಟ್ಟಿದ್ದ ತೂತಿನ ಬಟ್ಟಲೊಂದು ಇತ್ತು. ಅದನ್ನು ಬರೀ ನೀರಿನಲ್ಲಿ ತೊಳೆದು, ಎರಡು ಕಡೆ ದಾರ ಕಟ್ಟಿ, ತೊಟ್ಟಿಯ ಅಂಚಿಗೆ ಇಳಿಬಿಟ್ಟೆ. ಲೋಟದೊಳಕ್ಕೆ ಮೀನು ತಾನಾಗಿ ಬರಲಿಲ್ಲ. ಲೋಟವನ್ನು ಅದರ ಪಕ್ಕದಲ್ಲಿ ಓರೆಯಾಗಿ ಹಿಡಿದಾಗ ನೀರಿನ ಸೆಳೆತಕ್ಕೆ ಜಾರಿ ಬಂತು. ಈಗ ಬಟ್ಟಲಿನ ತಳಕ್ಕೆ ಹೊಟ್ಟೆಯೂರಿ ಕುಳಿತಿದೆ. ಐದು ನಿಮಿಷದ ಹಿಂದೆ ತಲೆಯನ್ನಷ್ಟೇ ಎತ್ತಿ ಬಾಯಿಂದ ಒಂದು ಗುಳ್ಳೆ ಬಿಟ್ಟು ಗಾಳಿ ತೆಗೆದುಕೊಂಡಿತು. ಬೆಳಗಿನಿಂದ ಅದು ಮೇಲ್ಮೈ ಮುಟ್ಟಿದ್ದನ್ನು ನಾನು ಕಂಡದ್ದು ಇದೇ ಮೊದಲು. ನೀರು 21 ಆಗಿದೆ.

ಕೆಂಪುಬಾಲ, ಬೆಂಗಳೂರು
ಜನವರಿ 9, ಬೆಳಿಗ್ಗೆ 11:20

ನನ್ನ ಅಭಿಪ್ರಾಯ ಸ್ವಲ್ಪ ಬೇರೆ. ತಣ್ಣನೆಯ ನೀರಿನಲ್ಲಿ ರೋಗ ಬೇಗ ಹಿಡಿಯುತ್ತದೆ. ಆದ್ದರಿಂದ ಈಗಲೇ ಮೆಥಿಲಿನ್ ಬ್ಲೂ ಹಾಕಿ, ಉಪ್ಪು ಸೇರಿಸಿ, ನೀರನ್ನು 30 ಡಿಗ್ರಿಗೆ ಒಯ್ದರೆ ರೋಗ ಬರುವ ಮುಂಚೆಯೇ ತಡೆಯಬಹುದಲ್ಲವೇ? ನಾನು ಹೊಸ ಮೀನು ತಂದಾಗಲೆಲ್ಲ ಹೀಗೆಯೇ ಮಾಡುತ್ತೇನೆ.

ಗಾಜಿನಕೊಳ
ಜನವರಿ 9, ಬೆಳಿಗ್ಗೆ 11:55

ಕೆಂಪುಬಾಲ ಅವರೇ, ರೋಗದ ಭಯ ನಿಮಗಿರುವುದು ಸರಿಯೇ. ಆದರೆ ಈ ಹೊತ್ತಿನಲ್ಲಿ ಆ ಮೂರೂ ಬೇಡವೆಂದು ನಾನು ಒತ್ತಿ ಹೇಳುತ್ತೇನೆ, ಮತ್ತು ಕಾರಣವನ್ನೂ ಹೇಳಬೇಕು.

ಮೀನಿನ ಮೈಗೆ ತನ್ನದೇ ಆದ ಕಾವಿಲ್ಲ; ಸುತ್ತಲಿನ ನೀರಿನ ತಾಪವೇ ಅದರ ತಾಪ. ನೀರು ತಣ್ಣಗಾದಾಗ ಹೃದಯದ ಬಡಿತ, ಕಿವಿರಿನ ಚಲನೆ, ಜೀರ್ಣಕ್ರಿಯೆ, ರೋಗನಿರೋಧ, ಎಲ್ಲವೂ ನಿಧಾನವಾಗುತ್ತವೆ. ಇಳಿತ ದಿನಗಟ್ಟಲೆ ನಡೆದರೆ ದೇಹ ತನ್ನನ್ನು ಸರಿಹೊಂದಿಸಿಕೊಳ್ಳಲು ಯತ್ನಿಸುತ್ತದೆ. ನಿಮಿಷಗಳಲ್ಲಿ ನಡೆದರೆ ಆ ಅವಕಾಶವೇ ಇಲ್ಲ. ಮತ್ತೆ ಏರಿಸುವಾಗಲೂ ಇದೇ ಮಾತು. ಬಿಸಿಯಾದಂತೆ ದೇಹ ಹೆಚ್ಚು ಆಮ್ಲಜನಕವನ್ನು ಕೇಳುತ್ತದೆ, ಆದರೆ ನೀರು ಹಿಡಿದಿಟ್ಟುಕೊಳ್ಳುವ ಆಮ್ಲಜನಕ ಕಡಿಮೆಯಾಗುತ್ತದೆ. 20 ಡಿಗ್ರಿಯ ಸಿಹಿನೀರಿನಲ್ಲಿ ಲೀಟರಿಗೆ ಹೆಚ್ಚೆಂದರೆ 9 ಮಿಲಿಗ್ರಾಂ ಕರಗಿದ ಆಮ್ಲಜನಕ ಇರಬಹುದಾದರೆ, 30 ಡಿಗ್ರಿಯಲ್ಲಿ ಅದು ಏಳೂವರೆಗೆ ಇಳಿಯುತ್ತದೆ. ಮೇಲಕ್ಕೆ ಈಜಲಾರದ ಮೀನನ್ನು 30 ಡಿಗ್ರಿಗೆ ಒಯ್ಯುವುದೆಂದರೆ ಅದರ ಬೇಡಿಕೆಯನ್ನು ಹೆಚ್ಚಿಸಿ ಪೂರೈಕೆಯನ್ನು ಕಡಿತಗೊಳಿಸಿದಂತೆ.

ಮೆಥಿಲಿನ್ ಬ್ಲೂ ಒಳ್ಳೆಯ ಔಷಧವೇ. ಆದರೆ ಫಿಲ್ಟರಿನಲ್ಲಿದ್ದು, ಮೀನಿನ ತ್ಯಾಜ್ಯದಿಂದ ಹುಟ್ಟುವ ಅಮೋನಿಯಾವನ್ನು ತಿನ್ನುವ ಬ್ಯಾಕ್ಟೀರಿಯಾಗಳಿಗೆ ಅದು ಹಾನಿ ಮಾಡುತ್ತದೆ. ಆಗ ತೊಟ್ಟಿಯಲ್ಲಿ ಅಮೋನಿಯಾ ಏರುತ್ತದೆ; ನೀರು ಬಿಸಿಯಾದಷ್ಟೂ ಅದರಲ್ಲಿ ವಿಷಕಾರಿಯಾದ ಪಾಲು ಹೆಚ್ಚುತ್ತದೆ. ಇಲ್ಲದ ರೋಗಕ್ಕೆ ಔಷಧ ಹಾಕಿ, ಇರುವ ಫಿಲ್ಟರನ್ನು ಕಳೆದುಕೊಳ್ಳಬಾರದು. ಉಪ್ಪಿನ ಬಗ್ಗೆ ನನಗೆ ಅಷ್ಟು ವಿರೋಧವಿಲ್ಲ. ಲೀಟರಿಗೆ ಒಂದು ಗ್ರಾಂನಷ್ಟು ಉಪ್ಪು, ಮೀನಿನ ಮೈಯೊಳಕ್ಕೆ ನೀರು ನುಗ್ಗುವ ಒತ್ತಡವನ್ನು ತುಸು ತಗ್ಗಿಸುತ್ತದೆ. ಆದರೂ ಒಂದೇ ದಿನ ತಾಪ ಮತ್ತು ಉಪ್ಪು ಎರಡನ್ನೂ ಬದಲಿಸುವುದಕ್ಕಿಂತ ಎರಡು ದಿನ ಕಾದು ನೋಡುವುದು ಉತ್ತಮ.

ಶುಶ್ರೂಷೆ ಮಾಡುವವರಿಗೆ ಏನನ್ನಾದರೂ ಮಾಡುತ್ತಲೇ ಇರಬೇಕೆನ್ನಿಸುತ್ತದೆ, ಅದು ಪ್ರೀತಿಯಿಂದಲೇ ಬರುವುದು. ನಾನು ಹಿಂದೆ ಒಂದು ಮೀನನ್ನು ಕಳೆದುಕೊಂಡದ್ದು ತಣ್ಣೀರಿನಿಂದಲ್ಲ, ಅದೇ ದಿನ ನಾನು ಒಂದರ ಹಿಂದೊಂದರಂತೆ ಹಾಕಿದ ಮೂರು ಔಷಧಗಳಿಂದ ಎಂದು ಇಂದಿಗೂ ನಂಬಿದ್ದೇನೆ.

ಕೆಂಪುಬಾಲ
ಜನವರಿ 9, ಮಧ್ಯಾಹ್ನ 12:10

ಒಪ್ಪಿದೆ ಸರ್. ಫಿಲ್ಟರಿನ ವಿಷಯವನ್ನು ನಾನು ಯೋಚಿಸಿರಲಿಲ್ಲ. ಹೊಸ ಮೀನನ್ನು ಫಿಲ್ಟರ್ ಇಲ್ಲದ ಬೇರೆ ಡಬ್ಬದಲ್ಲಿ ಇಡುವುದರಿಂದ ನನಗೆ ಈ ತೊಂದರೆ ಎದುರಾಗಿರಲಿಲ್ಲ ಎಂದು ಈಗ ತಿಳಿಯಿತು.

ಮಲ್ಲಿಗೆಬಳ್ಳಿ
ಜನವರಿ 9, ಸಂಜೆ 5:30

ನೀರು 26 ಮುಟ್ಟಿದೆ. ಎರಡು ಗಂಟೆಯ ಹೊತ್ತಿಗೆ, 24ರ ಸುಮಾರಿನಲ್ಲಿ, ಮೀನು ಮಗ್ಗುಲಿನಿಂದ ಎದ್ದು ನೇರವಾಯಿತು. ಎದೆಯ ಬಳಿಯ ಎರಡು ಸಣ್ಣ ರೆಕ್ಕೆಗಳು ಮೊದಲು ಅಲುಗಾಡಿದವು, ಬೆನ್ನಿನ ರೆಕ್ಕೆ ಇನ್ನೂ ಮುದುಡಿಯೇ ಇದೆ. ಶಾಲೆಯಿಂದ ಬಂದ ಮಗಳು ಒಂದು ಕಾಳು ಆಹಾರವನ್ನಾದರೂ ಹಾಕೋಣವೆಂದು ಅತ್ತಳು. ಹೊಟ್ಟೆಯೂ ತಣ್ಣಗಾಗಿ ಮಲಗಿರುತ್ತದೆ, ಈಗ ತಿಂದರೆ ಅರಗದೆ ಒಳಗೇ ಕೊಳೆಯುತ್ತದೆ ಎಂದು ತಿಳಿಸಿ ಹೇಳಿದೆ.

ನಮ್ಮ ಬಡಾವಣೆಯಲ್ಲಿ ರಾತ್ರಿ ಕರೆಂಟ್ ಹೋಗುವುದುಂಟು. ಇನ್ವರ್ಟರ್ ಇಲ್ಲ. ಮತ್ತೆ ನೀರು ತಣ್ಣಗಾದರೆ ಏನು ಮಾಡಲಿ?

ಕೆರೆಯಂಗಳ, ಮಡಿಕೇರಿ
ಜನವರಿ 9, ಸಂಜೆ 6:05

ನಮ್ಮೂರಿನಲ್ಲಿ ಇದು ಮಳೆಗಾಲದಿಂದ ಮಾಘದವರೆಗೂ ಇರುವ ಚಿಂತೆ. ಮುಂಜಾಗ್ರತೆಯಾಗಿ ತೊಟ್ಟಿಯ ಹಿಂಬದಿಗೂ ಎರಡು ಪಕ್ಕಗಳಿಗೂ ಅಡಿಗೂ ಥರ್ಮೋಕೋಲ್ ಹಲಗೆ ಇಡಿ. ಕರೆಂಟ್ ಹೋದಾಗ ಮುಂದೆ ಒಂದು ದಪ್ಪ ಕಂಬಳಿ ಇಳಿಬಿಟ್ಟರೆ ನೀರು ಬಹಳ ನಿಧಾನವಾಗಿ ಆರುತ್ತದೆ. ತೊಟ್ಟಿ ತುಂಬಿದ್ದಷ್ಟೂ ಒಳ್ಳೆಯದು, ಏಕೆಂದರೆ ಹೆಚ್ಚು ನೀರು ತಡವಾಗಿ ತಣ್ಣಗಾಗುತ್ತದೆ.

ತಾಪ 24ಕ್ಕಿಂತ ಕೆಳಗಿಳಿಯುವ ಲಕ್ಷಣ ಕಂಡರೆ ಒಂದು ಲೀಟರಿನ ಬಾಟಲಿಗೆ 40 ಡಿಗ್ರಿಯ, ಎಂದರೆ ಮಗುವಿನ ಸ್ನಾನಕ್ಕೆ ಬಳಸುವಷ್ಟು ಬಿಸಿಯಾದ ನೀರು ತುಂಬಿ, ಬಿರಡೆ ಬಿಗಿದು ತೊಟ್ಟಿಯಲ್ಲಿ ತೇಲಿಬಿಡಿ. 20 ಲೀಟರಿನಲ್ಲಿ ಅಂಥ ಒಂದು ಬಾಟಲಿ ಮುಕ್ಕಾಲು ಡಿಗ್ರಿಯಷ್ಟು ಮಾತ್ರ ಏರಿಸುತ್ತದೆ. ನಮಗೆ ಬೇಕಾದದ್ದೂ ಅಷ್ಟೇ ಮಂದವಾದ ಏರಿಕೆ. ಕುದಿನೀರನ್ನು ತುಂಬಬೇಡಿ, ನಿಶ್ಶಕ್ತವಾದ ಮೀನು ಬೆಚ್ಚಗಿದೆಯೆಂದು ಬಾಟಲಿಗೇ ಒರಗಿಕೊಳ್ಳಬಹುದು.

ಅಳತೆಗೋಲು
ಜನವರಿ 10, ಬೆಳಿಗ್ಗೆ 8:20

ಈ ಮೀನು ಚಳಿಗೆ ಇಷ್ಟು ಸೋಲುವುದೇಕೆ ಎಂಬುದಕ್ಕೆ ಅದರ ತವರನ್ನು ನೋಡಬೇಕು. ಬೆಟ್ಟಾ ಸ್ಪ್ಲೆಂಡೆನ್ಸ್ ಎಂದು 1910ರಲ್ಲಿ ಟೇಟ್ ರೀಗನ್ ಹೆಸರಿಟ್ಟ ಈ ಜಾತಿ ಮೂಲತಃ ಥಾಯ್ಲೆಂಡಿನ ಚಾವೊ ಪ್ರಾಯ ನದಿಯ ಬಯಲಿನದು. ಭತ್ತದ ಗದ್ದೆ, ಜೌಗು, ನಿಂತ ಕಾಲುವೆಗಳೇ ಅದರ ಮನೆ. ಅಲ್ಲಿಯ ಜನ ಅದನ್ನು ಪ್ಲಾ ಕಾಟ್ ಎನ್ನುತ್ತಾರೆ, 2019ರಲ್ಲಿ ಅದು ಆ ದೇಶದ ರಾಷ್ಟ್ರೀಯ ಜಲಚರವೂ ಆಯಿತು. ಆ ಬಯಲಿನಲ್ಲಿ ವರ್ಷವಿಡೀ ನೀರು ಬೆಚ್ಚಗಿರುತ್ತದೆ. ಮೊಣಕಾಲುದ್ದದ ಗದ್ದೆಯ ನೀರು ಮಧ್ಯಾಹ್ನಕ್ಕೆ ಕಾಯ್ದು ರಾತ್ರಿಗೆ ಆರುವುದು ನಿಜ, ಆದರೆ ಆ ಏರಿಳಿತ ತಾಸುಗಟ್ಟಲೆ ನಡೆಯುತ್ತದೆ. ಬಕೆಟ್ಟಿನಿಂದ ಬೀಳುವ ಇಳಿತವನ್ನು ಅದರ ಪೀಳಿಗೆಗಳು ಕಂಡೇ ಇಲ್ಲ.

ಬಿಸಿಲುನಾಡು, ಕಲಬುರಗಿ
ಜನವರಿ 10, ಬೆಳಿಗ್ಗೆ 11:00

ನಮ್ಮಲ್ಲಿ ತೊಂದರೆ ತಿರುಗಾಮುರುಗಾ. ಮೇ ತಿಂಗಳಿನಲ್ಲಿ ತೊಟ್ಟಿಯ ನೀರು 34 ಮುಟ್ಟಿದಾಗ ನಮ್ಮ ಅಣ್ಣನವರು ಮಂಜುಗಡ್ಡೆ ಹಾಕಿದರು. ಮೀನು ಇದೇ ರೀತಿ ಮಗ್ಗುಲಾಯಿತು. ಈಗ ಮುಚ್ಚಳದ ಬದಲು ಬಲೆ ಹಾಕಿ, ನೀರಿನ ಮೇಲೆ ಸಣ್ಣ ಫ್ಯಾನಿನ ಗಾಳಿ ಬೀಸುವಂತೆ ಇಡುತ್ತೇವೆ. ನೀರು ಆವಿಯಾಗುತ್ತ ನಿಧಾನವಾಗಿ ಎರಡು ಮೂರು ಡಿಗ್ರಿ ತಣಿಯುತ್ತದೆ. ಆವಿಯಾದಷ್ಟನ್ನು ಅದೇ ತಾಪದ ನೀರಿನಿಂದ ತುಂಬುತ್ತೇವೆ.

ಹಿಮದೂರು, ಟೊರಾಂಟೊ
ಜನವರಿ 10, ರಾತ್ರಿ 8:45

ಇಲ್ಲಿ ಚಳಿಗಾಲದಲ್ಲಿ ಪಾರ್ಸೆಲ್ ಮೂಲಕ ತರಿಸಿದ ಮೀನಿಗೆ ಇದೇ ಗತಿಯಾಗುವುದನ್ನು ಕಂಡಿದ್ದೇನೆ. ಚೀಲದ ನೀರು 16 ಡಿಗ್ರಿಯಲ್ಲಿರುತ್ತದೆ, ಮನೆಯ ತೊಟ್ಟಿ 27ರಲ್ಲಿ. ಚೀಲವನ್ನು ಅರ್ಧ ಗಂಟೆ ತೇಲಿಬಿಡಬೇಕೆಂಬ ಸಾಮಾನ್ಯ ಸಲಹೆ ಇಷ್ಟು ಅಂತರಕ್ಕೆ ಹೊಂದುವುದಿಲ್ಲ, ಏಕೆಂದರೆ ಆ ಸಣ್ಣ ಚೀಲ ಅರ್ಧ ಗಂಟೆಯೊಳಗೆ ಹತ್ತಿರ ಹತ್ತಿರ ಹತ್ತು ಡಿಗ್ರಿ ಏರಿಬಿಡುತ್ತದೆ. ನಾನು ಚೀಲವನ್ನು ಬಿಚ್ಚದೆ, ಪೆಟ್ಟಿಗೆಯಲ್ಲೇ, ಕೋಣೆಯ ಬಿಸುಪಿನಲ್ಲಿ ಕೆಲವು ತಾಸು ಇಟ್ಟು ಅನಂತರ ತೇಲಿಬಿಡುತ್ತೇನೆ. ಬಿಚ್ಚಿದ ಮೇಲೆ ಮಾತ್ರ ತಡಮಾಡಬಾರದು: ಒಳಗಿನ ಇಂಗಾಲದ ಡೈಆಕ್ಸೈಡ್ ಹೊರಹೋಗಿ ನೀರಿನ ಪಿಎಚ್ ಏರುತ್ತದೆ, ಆಗ ಪ್ರಯಾಣದಲ್ಲಿ ಸೇರಿಕೊಂಡ ಅಮೋನಿಯಾ ವಿಷವಾಗುತ್ತದೆ.

ಮಲ್ಲಿಗೆಬಳ್ಳಿ
ಜನವರಿ 12, ಬೆಳಿಗ್ಗೆ 7:15

ನಿನ್ನೆ ಬೆಳಿಗ್ಗೆ ಬಟ್ಟಲಿನಿಂದ ಬಿಟ್ಟೆವು. ಮೀನು ಹೀಟರಿನ ಬಳಿಯ ಎಲೆಯ ಮೇಲೆ ಕೂರುತ್ತದೆ, ತಾನಾಗಿ ಮೇಲೇರಿ ಉಸಿರಾಡುತ್ತದೆ. ನೀಲಿ ಬಣ್ಣ ಬೆನ್ನಿನಲ್ಲಿ ಮರಳಿದೆ. ನಿನ್ನೆ ಸಂಜೆ ಒಂದು ಕಾಳು ಬಾಯಿಗೆ ಹಾಕಿಕೊಂಡು ಉಗುಳಿತು, ಮತ್ತೆ ಅದನ್ನೇ ಹಿಡಿದು ನುಂಗಿತು. ಅಮೋನಿಯಾ ಪರೀಕ್ಷೆಯಲ್ಲಿ ಸೊನ್ನೆ ಬಂದಿದೆ. ಆದರೆ ಬಾಲದ ಅಂಚು ಎರಡು ಕಡೆ ಸೀಳಿದಂತಿದೆ, ಒಂದು ಕಡೆ ಕಪ್ಪು ಗೆರೆಯೂ ಇದೆ. ಇದು ರೋಗವೇ?

ಗಾಜಿನಕೊಳ
ಜನವರಿ 12, ಬೆಳಿಗ್ಗೆ 8:00

ಮೂರನೆಯ ದಿನದಿಂದ ಹತ್ತನೆಯ ದಿನದವರೆಗೆ ಕಣ್ಣಿಟ್ಟು ನೋಡಬೇಕಾದದ್ದು ಇದನ್ನೇ. ಮೈಮೇಲೆ ರವೆ ಉದುರಿಸಿದಂತೆ ಬಿಳಿ ಚುಕ್ಕೆಗಳು ಕಂಡರೆ ಅದು ಇಕ್ ಎಂಬ ಪರೋಪಜೀವಿ. ಕತ್ತಲಲ್ಲಿ ಟಾರ್ಚ್ ಬಿಟ್ಟಾಗ ಅರಿಶಿನದ ಧೂಳಿನಂಥ ಹೊಳಪು ಕಂಡರೆ ವೆಲ್ವೆಟ್ ಎಂಬ ಇನ್ನೊಂದು ಪರೋಪಜೀವಿ. ಬಾಯಿಯ ಸುತ್ತ ಅಥವಾ ಬೆನ್ನಿನ ಮೇಲೆ ಬೂದುಬಿಳಿಯ ತೇಪೆ ಕಂಡರೆ ಕಾಲಮ್ನಾರಿಸ್ ಎಂಬ ಬ್ಯಾಕ್ಟೀರಿಯಾ ಇರಬಹುದು. ಕೊನೆಯದಕ್ಕೆ ಒಂದು ದಿನವೂ ಕಾಯದೆ ಚಿಕಿತ್ಸೆ ಬೇಕು. ಇಕ್‌ಗೆ ಹಾಕುವ ಔಷಧ, ಪರೋಪಜೀವಿ ಮೀನಿನ ಮೈ ಬಿಟ್ಟು ನೀರಿನಲ್ಲಿ ಈಜುವ ಹಂತದಲ್ಲಷ್ಟೇ ಕೆಲಸ ಮಾಡುವುದರಿಂದ, ಚುಕ್ಕೆ ಮಾಯವಾದ ಮೇಲೂ ಕೆಲವು ದಿನ ಮುಂದುವರಿಸಬೇಕಾಗುತ್ತದೆ.

ನಿಮ್ಮದು ಇವು ಯಾವುವೂ ಅಲ್ಲ. ತಳದ ಕಲ್ಲಿಗೆ ತಾಗಿ ಹರಿದಿರಬಹುದು, ಅಥವಾ ರೆಕ್ಕೆ ಕೊಳೆಯುವ ರೋಗದ ಆರಂಭವೂ ಇರಬಹುದು. ಎರಡಕ್ಕೂ ಮೊದಲ ಮದ್ದು ಶುದ್ಧವಾದ, ಬೆಚ್ಚಗಿನ ನೀರು. ದಿನ ಬಿಟ್ಟು ದಿನ ಮೂರು ಲೀಟರಿನಂತೆ ಮಾತ್ರ ಬದಲಿಸಿ, ಹೊಸ ನೀರಿನ ತಾಪವನ್ನು ಥರ್ಮಾಮೀಟರಿನಲ್ಲಿ ನೋಡಿಯೇ ಹಾಕಿ. ಬಾದಾಮಿ ಮರದ ಎಲೆ ಸಿಕ್ಕಿದರೆ, ಔಷಧ ಸಿಂಪಡಿಸದ ಕಡೆ ತಾನಾಗಿ ಉದುರಿ ಒಣಗಿದ ಒಂದನ್ನು ತೊಳೆದು ಹಾಕಿ. ರಸ್ತೆಯ ಬದಿಯಲ್ಲಿ ಅಗಲವಾದ ಎಲೆ ಬಿಟ್ಟು ಕೊಡೆಯಂತೆ ಹರಡುವ ನಾಡಬಾದಾಮಿಯ ಮಾತು ಇದು. ನೀರು ತಿಳಿಚಹದ ಬಣ್ಣಕ್ಕೆ ತಿರುಗಿದರೆ ಹೆದರಬೇಡಿ, ಅದು ಎಲೆಯ ಟ್ಯಾನಿನ್. ಸೀಳು ಬುಡದ ಕಡೆಗೆ ಸರಿಯುತ್ತಿದೆಯೇ ಎಂದು ದಿನಕ್ಕೊಂದು ಚಿತ್ರ ತೆಗೆದು ಹೋಲಿಸಿ. ಸರಿಯುತ್ತಿದ್ದರೆ ಮಾತ್ರ ಔಷಧದ ಮಾತಾಡೋಣ.

ಮಲ್ಲಿಗೆಬಳ್ಳಿ
ಜನವರಿ 18, ಸಂಜೆ 6:40

ಏಳು ದಿನಗಳ ಚಿತ್ರಗಳನ್ನು ಒಟ್ಟಿಗೆ ಇಟ್ಟು ನೋಡಿದೆವು. ಸೀಳು ಮುಂದೆ ಸರಿದಿಲ್ಲ. ಔಷಧ ಹಾಕಲಿಲ್ಲ. ತಾಪ ಈಗ 27ರಲ್ಲಿ ನಿಂತಿದೆ, ಬೆಳಿಗ್ಗೆ ಎರಡು ಸಂಜೆ ಎರಡು ಕಾಳು ತಿನ್ನುತ್ತದೆ. ಕನ್ನಡಿ ತೋರಿಸಿದಾಗ ಕಿವಿರಿನ ಮುಚ್ಚಳ ಅಗಲಿಸಿ ನಿಂತಿತು; ಒಂದೇ ಸಲ ತೋರಿಸಿ ತೆಗೆದೆವು.

ನೀರು ಬದಲಿಸಲು ಈಗ ಒಂದು ಅಳತೆ ಸಿಕ್ಕಿದೆ. ತಾರಸಿಯ ಟ್ಯಾಂಕಿನ ನೀರನ್ನು ಹಿಂದಿನ ರಾತ್ರಿಯೇ ಬಕೆಟ್ಟಿಗೆ ಹಿಡಿದು ಅಡುಗೆಮನೆಯಲ್ಲಿಡುತ್ತೇನೆ. ಬೆಳಿಗ್ಗೆ ಥರ್ಮಾಮೀಟರ್ ಇಟ್ಟು, ಒಲೆಯ ಮೇಲೆ ಕಾಯಿಸಿದ ನೀರನ್ನು ಸ್ವಲ್ಪ ಸ್ವಲ್ಪವೇ ಬೆರೆಸುತ್ತೇನೆ. 17 ಡಿಗ್ರಿಯ 5 ಲೀಟರಿಗೆ ಮುಕ್ಕಾಲು ಲೀಟರ್ ಕುದಿನೀರು ಸೇರಿದಾಗ 27 ಬರುತ್ತದೆ. ಸ್ಟೀಲ್ ಲೋಟದಿಂದ ಒಂದೊಂದೇ ಲೋಟ, ಕಾಲು ಗಂಟೆಯವರೆಗೆ ಹಾಕುತ್ತೇನೆ. ಹೀಟರಿನ ಸ್ವಿಚ್ಚಿನ ಮೇಲೆ ಮಗಳು ಕೆಂಪು ಕಾಗದ ಅಂಟಿಸಿದ್ದಾಳೆ; ಅದನ್ನು ಮತ್ತೆ ಹಾಕಿದ ಮೇಲೆಯೇ ಬಕೆಟ್ ಎತ್ತಿಡುವುದು ಎಂದು ಅವಳ ಕಟ್ಟಪ್ಪಣೆ.

ಬಾಲದ ಸೀಳಿನ ಅಂಚಿನಲ್ಲಿ ಇಂದು ಕೂದಲೆಳೆಯಷ್ಟು ಅಗಲದ, ಗಾಜಿನಂತೆ ಬಣ್ಣವಿಲ್ಲದ ಪೊರೆ ಕಾಣುತ್ತಿದೆ. ಇದು ಹೊಸ ರೆಕ್ಕೆಯೇ?

ಗಾಜಿನಕೊಳ
ಜನವರಿ 18, ಸಂಜೆ 7:05

ಹೌದು, ಹೊಸ ರೆಕ್ಕೆಯೇ. ಮೊದಲು ಹೀಗೆ ಬಣ್ಣವಿಲ್ಲದೆ ಬೆಳೆಯುತ್ತದೆ, ನೀಲಿ ಆಮೇಲೆ ತುಂಬಿಕೊಳ್ಳುತ್ತದೆ. ಎಲೆಯನ್ನು ಇನ್ನೊಂದು ವಾರ ಬಿಡಿ.